ಶಾಲು ಹೊದ್ದು ಹಾಕಿದ ರಂಗೋಲಿ

ಮನುಷ್ಯನ ಮಾನ ಅವನ ನಡತೆಯಲ್ಲಿದೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಇರುವುದು ಮೀನಖಂಡದಲ್ಲಿ. ಪಂಚೆ ಎತ್ತಿ ಕಟ್ಟಿದಾಗ ಹಿಂದಿನಿಂದ ಕಾಣುತ್ತದಲ್ಲ, ಅಲ್ಲಿ.

ಈ ತತ್ವ ನೆನಪಾದದ್ದು ಮೊನ್ನೆ, ಚಳಿ ಶುರುವಾಯಿತೆಂದು ಬೀರುವಿನ ಕೆಳಗಿನ ಖಾನೆಯಿಂದ ವರ್ಷಗಟ್ಟಲೆ ಯಾರೂ ಹೊದೆಯದೆ ಬಿದ್ದಿದ್ದ, ನನ್ನ ಹೆಂಡತಿ ಪದ್ಮಳ ಮೆರೂನ್ ಶಾಲನ್ನು ಎಳೆದಾಗ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ನಿಮಗಾದರೆ ಆ ವಾಸನೆಗೆ ಅಜ್ಜಿಯ ಪೆಟ್ಟಿಗೆ ನೆನಪಾಗಬಹುದು. ನನಗೆ ನೆನಪಾಗುವುದು ಇಡೀ ಬೀದಿಯ ಮುಂದೆ ನನ್ನ ಕಿವಿ ಕೆಂಪಾದ ಒಂದು ಸಂಕ್ರಾಂತಿ.

ಎರಡು ಸಾವಿರದ ದಶಕದ ನಡುವಿನ ಮಾತು. ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಧನುರ್ಮಾಸ ಬಂತೆಂದರೆ ಎರಡೇ ವಿಷಯ: ದೇವಸ್ಥಾನದ ಹುಗ್ಗಿ ಮತ್ತು ಮನೆ ಮುಂದಿನ ರಂಗೋಲಿ. ಹುಗ್ಗಿಯಲ್ಲಿ ಪೈಪೋಟಿ ಗಂಡಸರದು, ರಂಗೋಲಿಯಲ್ಲಿ ಹೆಂಗಸರದು. ಪದ್ಮಳ ರಂಗೋಲಿ ನೋಡಲು ಪಕ್ಕದ ಬೀದಿಯವರೂ ಹಾಲು ತರುವ ನೆಪದಲ್ಲಿ ಸುತ್ತು ಹಾಕಿ ಬರುತ್ತಿದ್ದರು. ಆ ವರ್ಷ ಧನುರ್ಮಾಸ ಹುಟ್ಟಿದ ವಾರದಲ್ಲೇ ಅವಳ ಸೊಂಟ ಹಿಡಿದುಕೊಂಡಿತು. ನಡೆಯಬಲ್ಲಳು, ಬಗ್ಗಲಾರಳು. ಬಾಗಿಲ ಮುಂದೆ ಖಾಲಿ ಬಿಟ್ಟರೆ ಮನೆಯಲ್ಲಿ ಏನೋ ಅಶುಭವೆಂದೇ ಅರ್ಥ. ಬೀದಿಯವರೆಲ್ಲ ವಿಚಾರಿಸಲು ಬರುತ್ತಾರೆ. ಸೊಂಟ ಹೋಯಿತೆಂದು ಎದುರು ಮನೆಯ ಸರೋಜಮ್ಮನ ಮುಂದೆ ಒಪ್ಪಿಕೊಳ್ಳುವುದು ಪದ್ಮಳಿಗೆ ಅದಕ್ಕಿಂತ ದೊಡ್ಡ ಅಶುಭ.

ಹೀಗಾಗಿ ಬೆಳಕು ಹರಿಯುವ ಮುಂಚೆ ಆಕೆಯ ಶಾಲನ್ನು ತಲೆಯ ಮೇಲಿಂದ ಹೊದ್ದು ನಾನು ಕೂತೆ. ಅವಳು ಕಿಟಕಿಯ ಹಿಂದಿನಿಂದ ಪಿಸುಮಾತಿನಲ್ಲಿ ಚುಕ್ಕಿ ಹೇಳುವಳು. ಮೊದಲ ದಿನದ ನನ್ನ ಎಳೆಗಳು ಗಡಿಯಾರದ ಸ್ಪ್ರಿಂಗ್ ಬಿಚ್ಚಿಕೊಂಡಂತಿದ್ದವು. ಆಮೇಲೆ ಆಫೀಸಿನ ಅಡಿಕೋಲನ್ನೇ ತಂದು ಚುಕ್ಕಿ ಇಟ್ಟೆ. ಸರ್ಕಾರಿ ಗುಮಾಸ್ತನ ಕೈ ನೋಡಿ, ಅಳತೆ ಸಿಕ್ಕ ಮೇಲೆ ನೆಟ್ಟಗಾಯಿತು. ಈ ವರ್ಷ ಪದ್ಮನ ರಂಗೋಲಿ ಅಚ್ಚು ಹಾಕಿದಂಗಿದೆ ಎಂದು ಬೀದಿ ಮಾತಾಡಿಕೊಂಡಿತು. ಬೇರೆಯವರ ಹೆಸರಿನಲ್ಲಿ ಬಂದ ಹೊಗಳಿಕೆಯನ್ನು ಕದ್ದು ಕೇಳುವ ಸುಖ ಎಂಥದ್ದೆಂದು ಹೇಳಲಾರೆ. ಅಲಾರಂ ಹೊಡೆಯುವ ಮುಂಚೆಯೇ ಎಚ್ಚರವಾಗತೊಡಗಿತು. ಮಂಜು, ಬೀದಿದೀಪ, ಯಾರದೋ ಮನೆಯ ಹಿತಕಿದ ಅವರೆಯ ಸಿಪ್ಪೆಯ ವಾಸನೆ, ಬೆರಳ ಸಂದಿಯಿಂದ ಸಣ್ಣಗೆ ಇಳಿಯುವ ಬಿಳಿ ಪುಡಿ. ಆಫೀಸಿನಲ್ಲಿ ನನ್ನ ಕೈಯಿಂದ ಇಷ್ಟು ಚೆಂದದ್ದು ಯಾವತ್ತೂ ಇಳಿದಿರಲಿಲ್ಲ.

ಮೂರನೇ ಮನೆಯ ಶ್ರೀಕಂಠಯ್ಯನವರು ಆಗಷ್ಟೇ ನಿವೃತ್ತರಾಗಿ, ಒಂದು ಡಿಜಿಟಲ್ ಕ್ಯಾಮೆರಾ ಕೊಂಡು, ಬೀದಿಯ ಚಳಿಗಾಲವನ್ನು ದಾಖಲಿಸುವ ಪಣ ತೊಟ್ಟಿದ್ದರು. ಮಂಕಿ ಕ್ಯಾಪು ಹಾಕಿದ ಹೂವಿನವಳು, ಬಿಸಿಲಿಗೆ ಬೆನ್ನು ಕೊಟ್ಟ ನಾಯಿ, ಏನನ್ನೂ ಬಿಟ್ಟವರಲ್ಲ. ಒಂದು ಬೆಳಿಗ್ಗೆ ಬೆನ್ನ ಹಿಂದೆ ಚಪ್ಪಲಿ ಸದ್ದಾಯಿತು. ನಾನು ತಿರುಗಲಿಲ್ಲ, ತಿರುಗಿದರೆ ಶಾಲಿನೊಳಗೆ ಮೀಸೆ ಕಾಣುತ್ತದೆ.

"ಹಂಗೇ ಇರಿ ತಾಯಿ, ಚೆನ್ನಾಗಿದೆ," ಎಂದರು ಶ್ರೀಕಂಠಯ್ಯ. ಬೆಳಕು ಫಳ್ ಎಂದಿತು.

ಸಂಕ್ರಾಂತಿಯ ಸಂಜೆ ದೇವಸ್ಥಾನದ ಮುಂದೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಅವರು ತಮ್ಮ ಫೋಟೋಗಳನ್ನು ತೂಗುಬಿಟ್ಟಿದ್ದರು. ನಟ್ಟನಡುವೆ ದೊಡ್ಡದೊಂದು. ಕೆಳಗೆ ದುಂಡಗಿನ ಅಕ್ಷರ: 'ನಮ್ಮ ಬೀದಿಯ ಮಹಾಲಕ್ಷ್ಮಿ'. ಎಳ್ಳುಬೆಲ್ಲದ ತಟ್ಟೆ ಹಿಡಿದ ಹೆಂಗಸರು ಮುತ್ತಿಕೊಂಡರು. ಮಹಾಲಕ್ಷ್ಮಿ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು.

"ಇದೇನೇ ಪದ್ಮಾ, ನಿನ್ನ ಕಾಲು?" ಎಂದರು ಸರೋಜಮ್ಮ.

ಎಲ್ಲರ ಕಣ್ಣೂ ಫೋಟೋದಿಂದ ಮೆಲ್ಲಗೆ ನನ್ನ ಕಡೆ ಸರಿದವು. ಪದ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ನಾನು ಏನೋ ಒಳ್ಳೆಯದನ್ನು ಹೇಳುತ್ತೇನೆಂದು ಕಾಯುವ ಮುಖ ಅದು.

"ಚಪ್ಪಲಿ ಹುಡುಕ್ತಿದ್ದೆ," ಎಂದೆ.

"ರಂಗೋಲಿ ಬಟ್ಟಲು ಹಿಡ್ಕೊಂಡಾ ಸಾರ್?" ಎಂದರು ಸರೋಜಮ್ಮ.

ಬೀದಿ ನಕ್ಕಿತು. ಕೆಟ್ಟ ನಗುವೇನಲ್ಲ, ಹಬ್ಬದ ನಗು. ನಾನು ಮಾತ್ರ ಹುಗ್ಗಿಯನ್ನೂ ತಿನ್ನದೆ ಮನೆಗೆ ಬಂದೆ. ನನ್ನ ಹುಗ್ಗಿಯ ಚಪಲ ಬಲ್ಲವರಿಗೆ ಅದರ ಗಾಂಭೀರ್ಯ ಅರ್ಥವಾದೀತು.

ಪದ್ಮ ಬಂದು ತಟ್ಟೆ ಇಳಿಸಿ, ಗೋಡೆ ಹಿಡಿದು ನಿಂತು, ಸಣ್ಣ ದನಿಯಲ್ಲಿ ಹೇಳಿದಳು: "ಸೊಂಟ ಹಿಡ್ಕೊಂಡಿದ್ದಕ್ಕೆ ನಾಚ್ಕೊಂಡು ಬಚ್ಚಿಟ್ಟೆ. ಸರಿ, ನನ್ನ ದಡ್ಡತನ. ನಿಮಗೆ ಕೈ ಬಂತಲ್ಲ ರೀ, ಅದಕ್ಕೂ ನಾಚ್ಕೊಳ್ಳೋದಾ?"

ಮರುದಿನ ಶ್ರೀಕಂಠಯ್ಯನವರು ಆ ಫೋಟೋವನ್ನು ಪೇಪರಿನಲ್ಲಿ ಸುತ್ತಿ ತಂದು, ಬಾಗಿಲಲ್ಲೇ ನಿಂತು, "ತಪ್ಪಾಯ್ತು ಸಾರ್, ತಾಯಿ ಅಂದ್ಬಿಟ್ಟೆ," ಎಂದರು. ಪಾಪ, ಅವರ ಕಿವಿಯೂ ಕೆಂಪಾಗಿತ್ತು. ಆ ಚಳಿಗಾಲ ಮುಗಿಯುವವರೆಗೂ ಅವರು ಬರೀ ಮರಗಳ ಚಿತ್ರ ತೆಗೆದರು. ಬೇಸಿಗೆಗೆ ಪದ್ಮಳ ಸೊಂಟ ಸರಿಹೋಯಿತು. ನಾನು ರಂಗೋಲಿ ಬಟ್ಟಲು ಮುಟ್ಟಲಿಲ್ಲ. ಮುಂದಿನ ಎಷ್ಟೋ ಧನುರ್ಮಾಸಗಳಲ್ಲಿ ಬೆಳಗಿನ ಜಾವ ಸುಮ್ಮನೆ ಎಚ್ಚರವಾಗಿ, ಹೊರಗೆ ಅವಳು ನೀರು ಚಿಮುಕಿಸುವ ಸದ್ದು ಕೇಳುತ್ತ ಮಲಗಿರುತ್ತಿದ್ದೆ.

ಈಗ ಅವಳ ಮಂಡಿಯೂ ಹೋಗಿದೆ. ಕೆಲವು ವರ್ಷಗಳಿಂದ ನಮ್ಮ ಹೊಸ್ತಿಲಿಗೆ ಸ್ಟಿಕ್ಕರ್ ರಂಗೋಲಿ. ಮೊನ್ನೆ ಶಾಲು ಕೊಡವಿದರೆ, ನಾನೇ ಅದರ ಮಡಿಕೆಯಲ್ಲಿ ಬಚ್ಚಿಟ್ಟಿದ್ದ ಫೋಟೋ ಬಿತ್ತು. ಕಾಲು ನೋಡಿ ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡೆ. ಆಮೇಲೆ ಮಿಕ್ಕದ್ದನ್ನೂ ನೋಡಿದೆ. ಮಂಜಿನಲ್ಲಿ ಅರ್ಧ ಮುಗಿದ ರಂಗೋಲಿ, ಅದರ ಮೇಲೆ ಬಾಗಿದ ಬೆನ್ನು. ಚಿತ್ರ ತೆಗೆಯಲು ಶ್ರೀಕಂಠಯ್ಯನವರಿಗೆ ಕಣ್ಣಿತ್ತು. ಆ ಮನುಷ್ಯ ಸುಖವಾಗಿದ್ದಾನೆಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಇವತ್ತು ಬಿಸಿಲು ಬಂದ ಮೇಲೆ, ಶಾಲಿಲ್ಲದೆ, ಪಂಚೆ ಎತ್ತಿ ಕಟ್ಟಿ ಬಾಗಿಲ ಮುಂದೆ ಕೂತೆ. ಪದ್ಮ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಗಟ್ಟಿಯಾಗಿಯೇ ಚುಕ್ಕಿ ಹೇಳಿದಳು. ಎದುರು ಗೇಟಿನಿಂದ ಸರೋಜಮ್ಮ ಬಹಳ ಹೊತ್ತು ನೋಡಿದರು.

"ಚಪ್ಪಲಿ ಸಿಕ್ತಾ ಸಾರ್?"

"ಇಲ್ಲ, ಹುಡುಕ್ತಾ ಇದೀನಿ," ಎಂದೆ, ತಲೆ ಎತ್ತದೆ.

ರಂಗೋಲಿಯ ಬಲಗಡೆ ಸ್ವಲ್ಪ ಸೊಟ್ಟಗಾಯಿತು. ಸ್ಟಿಕ್ಕರನ್ನು ಕಿತ್ತು ಹಾಕಿದ್ದೇವೆ.