ಕೇಳದ ಠಣ್

ಗಂಡನ ಹೆಸರು ಹೆಂಡತಿ ಹೇಳಬಾರದಂತೆ. ಮಹಾಲಿಂಗಪುರದ ಪೇಟೆಯಲ್ಲಿ ಕೇಳಿ, ಬೆಲ್ಲದ ವ್ಯಾಪಾರಿಗಳೇ ಹೇಳುತ್ತಾರೆ: ಪಾಕದ ಗಿರಮಲ್ಲಪ್ಪ. ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಒಗೆಯುತ್ತಿದ್ದರು. ಠಣ್ ಅಂದರೆ ಬೆಲ್ಲ ಬಂತು. ಆಗ "ಇಳಸ್ರೋ!" ಎಂದು ಕೂಗುವ ಹಕ್ಕು ಇಡೀ ಗಾಣದಲ್ಲಿ ಅವರೊಬ್ಬರದೇ.

ಹೊಟ್ಟೆಕಿಚ್ಚಿನಲ್ಲೂ ಅವರೇ ಮೊದಲು. ಒಲೆಗೆ ರವದಿ, ಅಂದರೆ ಕಬ್ಬಿನ ಒಣಗರಿ, ಹಾಕುವ ಕರೆಪ್ಪ ಒಮ್ಮೆ ತಾನೂ ಉಂಡೆ ಒಗೆದು ನೋಡಿದ. ಅಷ್ಟಕ್ಕೇ ಇವರು ಮನೆಗೆ ಬಂದು ಊಟದ ಗಂಗಾಳ ನೂಕಿದರು. "ನನ್ನ ಜಾಗಾಕ್ಕ ಕಣ್ಣ ಹಾಕ್ಯಾನ ಅಂವ!"

ಆಮೇಲೆ ನನ್ನ ಮೇಲೂ ಸಂಶಯ. ಬುತ್ತಿ ತಂದವಳು ಕರೆಪ್ಪನ ಜೊತೆ ಎರಡು ಮಾತಾಡಿದರೆ, "ಏನ್ ಪಿಸಿಪಿಸಿ ನಡಸೀರಿ ಇಬ್ಬರೂ?" ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಟಲು ಊರಿಗೇ ಗೊತ್ತು!

ಒಂದು ಮಧ್ಯಾಹ್ನ ಉಂಡೆ ಒಗೆದರು. ಠಣ್ ಎಂದಿತು, ದೂರದಲ್ಲಿದ್ದ ನನಗೂ ಕೇಳಿತು. ಇವರು ಸುಮ್ಮನೆ ನಿಂತರು. ಮತ್ತೆ ಒಗೆದರು.

"ಕಾಕಾ, ಬೆಲ್ಲ ಬಂತ್ರೀ!" ಎಂದ ಕರೆಪ್ಪ.

"ನನಗ ಕಲಸ್ತಿಯೇನಲೇ?" ಎಂದು ಇವರು ಅವನ ಮೈಮೇಲೆ ಹೋದರು. ಜಗಳ ಮುಗಿಯುವಷ್ಟರಲ್ಲಿ ಕೊಪ್ಪರಿಗೆಯೆಲ್ಲ ಸೀದು ಕರ್ರಗಾಗಿತ್ತು. ಬೆಂಕಿ ಹೆಚ್ಚು ಮಾಡಿದವನು ಕರೆಪ್ಪನೇ ಎಂದು ಹಟ ಹಿಡಿದರು.

ಅದಕ್ಕೂ ಮೊದಲೇ ಇವರಿಗೆ ವಿಪರೀತ ನೀರಡಿಕೆ. ಬಚ್ಚಲಿಗೆ ಹೋಗಿ ಬಂದ ಜಾಗಕ್ಕೆ ಇರುವೆ ಮುತ್ತುತ್ತಿದ್ದವು. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ಹೊಸದು. ಜಮಖಂಡಿಯ ದವಾಖಾನೆಗೆ ಎಳೆದುಕೊಂಡು ಹೋದೆ. ಡಾಕ್ಟರರು ಉಚ್ಚೆ ಕಾಸಿ ನೋಡಿದರು, ಕಿವಿಯ ಹತ್ತಿರ ಗಡಿಯಾರ ಹಿಡಿದೂ ನೋಡಿದರು.

"ಸಕ್ಕರಿ ರೋಗ. ಕೆಲವರಿಗೆ ಕಣ್ಣು, ಕಾಲು ಹಿಡಿದಾಂಗ ಇದು ಕಿವಿನೂ ಹಿಡೀತದ. ಚೂಪು ಸಪ್ಪಳ ಮೊದಲ ಹೋಗತಾವ. ಹೋದ ಕಿವಿ ಮರಳಿ ಬರೂದು ಕಠಿಣ. ಉಳಿದದ್ದಾದ್ರೂ ಉಳೀಬೇಕಂದ್ರ ಬೆಲ್ಲ ಬಿಡ್ರಿ."

ಇವರ ಕಿವಿಗೆ ಬಾಯಿ ಹಚ್ಚಿ ನಾನೇ ಹೇಳಿದೆ: "ನಾವು ಪಿಸಿಪಿಸಿ ಅಂದಿಲ್ಲರೀ. ಒದರಾಕತ್ತಿದ್ವಿ."



ಮರುದಿನ ಗಾಣಕ್ಕೆ ಹೋದರು. ನಾನೂ ಬೆನ್ನು ಹತ್ತಿದೆ. ಉಂಡೆ ಒಗೆದು, ಕೊಪ್ಪರಿಗೆ ನೋಡುವುದು ಬಿಟ್ಟು ಕರೆಪ್ಪನ ಮುಖ ನೋಡಿದರು. ಅವನು ಬಾಯಿ ಬಿಡಲಿಲ್ಲ, ರವದಿ ನೂಕುತ್ತ ತುಸು ಹುಬ್ಬು ಏರಿಸಿದ, ಅಷ್ಟೆ. "ಇಳಸ್ರೋ!" ಎಂದು ಇವರು ಕೂಗಿದರು. ಬೆಲ್ಲ ಬಂಗಾರದ ಬಣ್ಣಕ್ಕೆ ಇಳಿಯಿತು.

ಸಂಜೆ ರೊಟ್ಟಿ ಮುರಿಯುತ್ತ ಅಂದರು: "ಅಂವಗ ಕೇಳತೈತಿ, ನನಗ ಕೇಳೂದಿಲ್ಲ. ಹೊಟ್ಟಿ ಉರೀತೈತಿ."

"ಉರೀಲಿ ಬಿಡ್ರಿ, ಉಣ್ರಿ," ಎಂದು ಒದರಿದೆ.

"ಅದೂ ಹೋಗಲಿ. ಎಲ್ಲಾರ ಮುಂದ ನನ್ನ ಮರ್ಯಾದಿ ಉಳಿಸಿದ್ನಲ್ಲ ಆ ಮಗ, ಅದಕ್ಕ ಜಾಸ್ತಿ ಉರೀತೈತಿ."