ಮಸಿ ಹತ್ತಿದ ಕೈಗಳ ಪರವಾಗಿ ನಿಂತ ಪಂಪಕ್ಕ

ಶುಶ್ರೂಷೆಯ ವೃತ್ತಿಯಲ್ಲಿ ಕೀರ್ತಿ ಗಳಿಸಿದವರು ಹಲವರಿದ್ದಾರೆ. ಆದರೆ ರೋಗಿಯ ನಾಡಿಯನ್ನೂ ಸೈಕಲ್ಲಿನ ಚೈನನ್ನೂ ಒಂದೇ ಶ್ರದ್ಧೆಯಿಂದ ಮುಟ್ಟಿ ನೋಡಿದವರು, ಈಗ ನಿವೃತ್ತರಾಗುತ್ತಿರುವ ಹಿರಿಯ ದಾದಿ ಪಂಪಕ್ಕನವರೊಬ್ಬರೇ. ಊಟದ ಡಬ್ಬಿ ಮರೆತರೂ ಗಾಳಿ ಪಂಪನ್ನು ಮರೆಯದ ಅವರ ಚೀಲವೇ ಅವರಿಗೆ ಆ ಹೆಸರನ್ನು ದಯಪಾಲಿಸಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೊದಲ ಬಸ್ಸಿಗೂ ಮುಂಚೆ ಶುರುವಾಗುವ ಪಾಳಿಗೆ ಅವರಿಗೆ ಸೈಕಲ್ಲೇ ಗತಿಯಾಗಿತ್ತು. ಅಂಗಡಿಗಳು ಬಾಗಿಲು ತೆರೆಯದ ಹೊತ್ತಿನಲ್ಲಿ ಪಂಕ್ಚರ್ ಹಾಕುವುದನ್ನು ತಾವೇ ಕಲಿತರು. ಕಲಿತದ್ದನ್ನು ಪ್ರತಿ ಶನಿವಾರ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಕಲಿಸತೊಡಗಿದರು. ಒಮ್ಮೆ ಟ್ಯೂಬು ತೂತಾಗಿ ತಡವಾಗಿ ಬಂದ ಆಯಾ ಅಳತೊಡಗಿದಾಗ, ಆಕೆಯ ವಾರ್ಡನ್ನು ತಾವು ನೋಡಿಕೊಂಡು, ಬಕೆಟ್ಟಿನ ನೀರಿನಲ್ಲಿ ಗುಳ್ಳೆ ಹುಡುಕಲು ಆಕೆಯನ್ನೇ ಕಳಿಸಿದರು. ಪಾಠ ಮಾಡುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು ಅವರ ವ್ರತ. ಇತರರ ಸೈಕಲ್ಲನ್ನು ಅವರು ಮುಟ್ಟಿದವರಲ್ಲ.

"ಅಕ್ಕಾ, ಈ ಚೈನೊಂದು ನೀವೇ ಹಾಕ್ಕೊಡಿ."

"ನಾನು ಹಾಕ್ಕೊಟ್ರೆ ನಾಳೆ ದಾರೀಲಿ ಕಳಚಿದಾಗ ನನ್ನನ್ನ ಎಲ್ಲಿ ಹುಡುಕ್ತೀಯಾ? ಮಸಿ ಹತ್ಲಿ ಬಿಡು, ಸೋಪಿದೆ."

ಈ ಪಾಠಕ್ಕೇ ಸಂಚಕಾರ ಬಂದದ್ದು ಔಷಧ ವಿಭಾಗದ ಸಹೋದ್ಯೋಗಿಯೊಬ್ಬಳ ಅತಿಪ್ರೀತಿಯಿಂದ. ಎರಡು ಮಕ್ಕಳ ತಾಯಿಯಾದ ಆಕೆ ಚೈನಿಗೆ ಎಣ್ಣೆ ಬಿಡುವುದನ್ನು ಕಲಿತ ಉತ್ಸಾಹದಲ್ಲಿ, ಚಕ್ರ ಮಾತ್ರ ಯಾವ ಪಾಪ ಮಾಡಿದೆಯೆಂದು ರಿಮ್ಮಿಗೂ ಎಣ್ಣೆ ಸವರಿಬಿಟ್ಟಳು. ಬ್ರೇಕಿನ ರಬ್ಬರು ರಿಮ್ಮನ್ನು ಹಿಡಿಯದೆ ಜಾರಿತು; ಗೇಟಿನ ಇಳಿಜಾರಿನಲ್ಲಿ ಹೊರಟ ಸೈಕಲ್ಲು ಆಡಳಿತಾಧಿಕಾರಿಗಳ ಬಾಗಿಲ ಹೂಕುಂಡಗಳ ನಡುವೆ ವಿರಮಿಸಿತು. ಆಕೆಗೆ ಮೊಣಕೈ ತರಚಿತು, ಅಷ್ಟೇ.

"ಇದು ಆಸ್ಪತ್ರೆಯೋ ಗ್ಯಾರೇಜೋ? ನಿಮ್ಮ ಪಾಠ ಬಂದ್. ನಾಳೆ ಶೆಡ್ಡಿಗೆ ಬೀಗ!" ಎಂದರು ಅಧಿಕಾರಿಗಳು. ಶೆಡ್ಡು ಮುಚ್ಚಿದರೆ ಮುಂಜಾನೆಯ ಪಾಳಿಯ ಹೆಣ್ಣುಮಕ್ಕಳು ಕೆಲಸವನ್ನೇ ಬಿಡಬೇಕಾದೀತೆಂದು ಪಂಪಕ್ಕ ಬಲ್ಲರು.

"ಬೀಗ ಹಾಕೋ ಮುಂಚೆ ನಿಮ್ಮ ಬಾಗಿಲಲ್ಲಿ ನಿಂತ್ಕೊಳ್ಳಿ ಸಾರ್. ಅದೇ ಸೈಕಲ್ಲು, ಅದೇ ಇಳಿಜಾರು. ಸರಿ ಮಾಡೋಳು ಅವಳು, ಇಳಿಯೋಳು ನಾನು. ಬ್ರೇಕು ಹಿಡಿದ್ರೆ ಬೀಗ ಬೇಡ."

"ತಲೆ ಕೆಟ್ಟಿದೆಯಾ ನಿಮಗೆ? ಬಿದ್ರೆ?"

"ಬಿದ್ರೆ ಆಸ್ಪತ್ರೆ ಇಲ್ಲೇ ಇದೆಯಲ್ಲ ಸಾರ್!"

ಔಷಧ ವಿಭಾಗದವಳು ಮಾತ್ರ ಶೆಡ್ಡಿನಲ್ಲಿ ಕುಸಿದು ಕುಳಿತಿದ್ದಳು. "ಸೈಕಲ್ಲು ಮಾರಿಬಿಡ್ತೀನಿ ಅಕ್ಕಾ. ನಿನಗ್ಯಾಕೆ ಈ ಸರ್ಕಸ್ಸು ಅಂತ ನಮ್ಮತ್ತೆ ಆವತ್ತೇ ಅಂದಿದ್ರು."

"ನಿಮ್ಮತ್ತೇನ ಹಿಂದೆ ಕೂರಿಸ್ಕೊಂಡು ಊರೆಲ್ಲ ಒಂದು ಸುತ್ತು ಹಾಕು, ಆಮೇಲೆ ಮಾರುವಂತೆ. ಈಗ ಆ ರಿಮ್ ಒರೆಸು."

ಆಕೆ ಸೋಪುನೀರಿನಿಂದ ರಿಮ್ಮನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ, ರಬ್ಬರನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದಳು. ಮುಂದಿನ ಬ್ರೇಕಿನ ಒಂದು ನಟ್ಟು ಸಡಿಲವಾಗಿ ಉಳಿದದ್ದು ಪಂಪಕ್ಕನವರ ಕಣ್ಣಿಗೆ ಬಿತ್ತು. ಬೆಳಗಾದರೆ ತಮ್ಮದೇ ಎಲುಬು ಪಣಕ್ಕಿತ್ತು. ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. "ಇನ್ನೊಂದ್ಸಲ ನೋಡು" ಎಂದರೇ ಹೊರತು ಎಲ್ಲಿ ಎನ್ನಲಿಲ್ಲ. ಆಕೆ ನೋಡಿದಳು, ತಡವಿದಳು, ಕಂಡುಕೊಂಡಳು, ಬಿಗಿದಳು.

ಮರುದಿನ ಪಂಪಕ್ಕ ದೇವರನ್ನು ನೆನೆದು ಆ ಸೈಕಲ್ಲೇರಿ ಇಳಿಜಾರಿಗಿಳಿದರು. ಕಾವ್ಯ ಓದುವವರು ಎಷ್ಟೇ ಏರುದನಿಯಲ್ಲಿದ್ದರೂ ಪದ್ಯದ ಕೊನೆಯಕ್ಷರದಲ್ಲಿ ಹದವಾಗಿ ನಿಲ್ಲುವಂತೆ, ಸೈಕಲ್ಲು ಅಧಿಕಾರಿಗಳ ಬೂಟಿನಿಂದ ಗೇಣು ದೂರದಲ್ಲಿ ನಿಂತಿತು. ಹಿಂದೆ ಸರಿದವರು ಅಧಿಕಾರಿಗಳೇ. "ಬ್ರೇಕು ಕಟ್ಟಿದೋಳು ಇವಳು" ಎಂದು ಆ ಸಹೋದ್ಯೋಗಿಯನ್ನು ಮುಂದೆ ಕರೆದು, "ಬೀಗ, ಕೀಲಿ ಎರಡೂ ಇವಳ ಕೈಗೆ ಕೊಡಿ ಸಾರ್" ಎಂದರು ಪಂಪಕ್ಕ. ಅಧಿಕಾರಿಗಳು ಕೊಟ್ಟರು. ಅಂದಿನಿಂದ ಶೆಡ್ಡನ್ನು ಬೆಳಗ್ಗೆ ತೆರೆಯುವವಳು ಆಕೆಯೇ.

ವಯಸ್ಸಾಯಿತೆಂದು ಸರ್ಕಾರಿ ಕಾಗದ ಹೇಳಿದ್ದನ್ನು ಪಂಪಕ್ಕನವರ ಮೊಣಕಾಲುಗಳು ಇನ್ನೂ ಒಪ್ಪಿಲ್ಲ. ಶನಿವಾರದ ಪಾಠ ನಡೆದೇ ಇದೆ. ಭಗವಂತನು ಅವರಿಗೆ ದೀರ್ಘಾಯುಷ್ಯವನ್ನೂ ಎದುರುಗಾಳಿಯಲ್ಲೂ ಬತ್ತದ ಉಸಿರನ್ನೂ ಕರುಣಿಸಲಿ. ಬೇಡವೆನ್ನುವವರು ಇನ್ನೆಷ್ಟೇ ಮಂದಿ ಹುಟ್ಟಿ ಬರಲಿ, ಅವರೆಲ್ಲರ ಬಾಗಿಲಿಗೂ ಹೋಗಿ ನಿಲ್ಲುವ ಕಸುವು ಆ ಕಾಲುಗಳಿಗಿರಲಿ.