ಬಚ್ಚಲ ಹಿಂದಿನ ಬಂಗಾರದ ಗಣಿ

ಕ್ಷಮಿಸುವವರು ಎತ್ತರದ ಮನುಷ್ಯರು ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ಅತ್ತೆ ನಾಲ್ಕೂವರೆ ಅಡಿ ಇದ್ದಳು. ಅವಳ ಎರಡೂ ಕಿವಿಯ ತೂತುಗಳಲ್ಲಿ ಕಸಬರಿಗೆಯ ಕಡ್ಡಿಯ ತುಂಡುಗಳಿರುತ್ತಿದ್ದವು. ಬಂಗಾರದ ಬೆಂಡೋಲೆ ತೂಗಿ ಅಗಲವಾದ ತೂತುಗಳವು. ತಲೆ ಅಲ್ಲಾಡಿಸಿದರೆ ಕಡ್ಡಿಗಳೂ ಅಲ್ಲಾಡುತ್ತಿದ್ದವು. ಹಿತ್ತಾಳೆಯದಾದರೂ ಹಾಕಿಕೋ ಎಂದವರಿಗೆ, "ಇರ್ಲಿ ಬಿಡ್ರಿ, ನೆಪ್ಪಿರಬೇಕು" ಅನ್ನುತ್ತಿದ್ದಳು.

ಆ ನೆನಪು ಇಷ್ಟು. ಅವಳು ಮಾದನಹಿಪ್ಪರಗಾದಲ್ಲಿ ಹೊಸ ಸೊಸೆಯಾಗಿದ್ದಾಗ ಒಬ್ಬ ಕೋಟಿನ ಮಹಾಶಯ ಬಂದಿದ್ದ. ಯಡ್ರಾಮಿಯ ಆಚೆಯ ಗುಡ್ಡದಲ್ಲಿ ಹಳೆಯ ಬಂಗಾರದ ಗಣಿ ಇದೆ, ಬಂಡವಾಳ ಒಂದು ಕಡಿಮೆ ಎಂದ. ಅತ್ತೆಯ ಗಂಡ ಅವಳ ಬೆಂಡೋಲೆ, ಪಾಟ್ಲಿ ಎಲ್ಲ ಪಾಲಿಗೆ ಹಾಕಿದ. ಬಂಡವಾಳ ಕೂಡಿದ ಮೇಲೆ ಮಹಾಶಯ ಕಡಿಮೆಯಾದ. ಗಂಡ ಮಾವನ ಮನೆಗೆ ಮುಖ ತೋರಿಸಲಾರದೆ ಸೊಲ್ಲಾಪುರದ ಗಿರಣಿಗೆ ಹೋಗಿ, ಅಲ್ಲೇ ಜ್ವರ ಬಂದು ತೀರಿಕೊಂಡ. ಅತ್ತೆ ಜೇವರ್ಗಿಗೆ ಬಂದು ಖಾನಾವಳಿ ತೆರೆದಳು, ಉಣ್ಣಲು ಬರುವವರಿಗೆಲ್ಲ ಅತ್ತೆಯಾದಳು.

ನಾನು ಆಗ ಆ ಊರಿನ ಕಚೇರಿಯಲ್ಲಿ ಹೊಸ ಗುಮಾಸ್ತ. ಎರಡು ಹೊತ್ತೂ ಅವಳ ರೊಟ್ಟಿ. ಅತ್ತೆ ಯಾರನ್ನೂ ಬೈದದ್ದು ನಾನು ಕೇಳಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚೆಂದ ಮಾಸ್ತರರಿಗೆ ಮರುದಿನದಿಂದ ಉಪ್ಪೇ ಬೀಳಲಿಲ್ಲ. ಅವರು ಕೈಮುಗಿದ ದಿನ ಕೇಳಿದಳು: "ಈಗ ಬರಾಬರ್ ಆತೇನ್ರಿ?"

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಒಬ್ಬ ಜರಿ ರುಮಾಲಿನ ಮಹಾಶಯ ಒಂದು ಚೀಲ ಮಣ್ಣಿನೊಂದಿಗೆ ಖಾನಾವಳಿಗೆ ಬಂದಿಳಿದ. ಅಫಜಲಪುರದ ಅರಳೆ ವ್ಯಾಪಾರಿ ಮತ್ತು ನನ್ನ ತಂದೆ ಅವನನ್ನು ಕಾಣಲು ಬಂದಿದ್ದರು. ಪಾಲಿನ ಹಣಕ್ಕೆಂದು ತಂದೆ ನಮ್ಮ ಬಾವಿ ಹೊಲಕ್ಕೆ ಗಿರಾಕಿಯನ್ನೂ ಗೊತ್ತುಮಾಡಿಕೊಂಡಿದ್ದರು.

"ಬಂಗಾರದ ಸಣ್ಣ ಖಣೀರಿ," ಎಂದ ಮಹಾಶಯ. "ಸಣ್ಣದಂತs ದೊಡ್ಡ ಮಂದಿ ಕಣ್ಣಿಗೆ ಬಿದ್ದಿಲ್ಲ. ನಾಳಿ ಮುಂಜಾನಿ ಮಣ್ಣು ತೊಳದು ತೋರಸ್ತೇನಿ."

ಬೆಳಗಿನ ತಿಂಡಿಯಾದ ಮೇಲೆ ತಂದೆ ಅವನನ್ನು ಒಂದು ಬೀಡಿ ಕೇಳಿದರು. ನಮ್ಮ ಕಡೆ ವೈರಿಗೂ ಬೀಡಿ ಇಲ್ಲವೆನ್ನುವುದಿಲ್ಲ. ಅವನು ಕಿಸೆ ಒತ್ತಿಹಿಡಿದು, "ಇವು ಔಷಧದ್ದು, ನಿಮಗ ತಡಿಯಂಗಿಲ್ಲ" ಎಂದ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಅಂವನs ಇಂವ," ಎಂದಳು ಅತ್ತೆ, ನಾನು ಒಳಗೆ ಹೋದಾಗ. "ಮಾರಿ ನೋಡಿಲ್ಲ, ಆವಾಗ ನಾ ಬಾಗಲ ಹಿಂದಿದ್ದೆ. ಮಾತು ಕೇಳೇನಿ. ಬಂಗಾರ ಕೊಟ್ಟವಗೂ ಹಿಂಗs ಅಂದಿದ್ದ, ಒಂದ್ ಬೀಡಿ ಕೊಡ್ಲಿಲ್ಲ."

ಪೊಲೀಸ್ ಅಮೀನರಿಗೆ ಹೇಳೋಣವೆಂದೆ.

"ಅವರು ಜೇಲಿನ್ಯಾಗ ಕುಂದ್ರಿಸಿ ಊಟಾ ಹಾಕ್ತಾರ. ಮದ್ಲ ದುಡೀಲಿ. ನಿಮ್ಮಪ್ಪಗ ಹೇಳಬ್ಯಾಡ, ಅವನ ಮಾರಿ ನೋಡಿದ್ರ ಎಲ್ಲಾರಿಗೂ ತಿಳೀತದ."

ಅಂದು ಮಧ್ಯಾಹ್ನ ಮಹಾಶಯನಿಗೆ ಹೋಳಿಗೆಯ ಊಟ, ತುಪ್ಪಕ್ಕೆ ಲೆಕ್ಕವಿರಲಿಲ್ಲ. ಅವನು ಗೊರಕೆ ಹೊಡೆಯುತ್ತಿರುವಾಗ ಅತ್ತೆ ಚೀಲದ ಮಣ್ಣನ್ನು ತಿಪ್ಪೆಗೆ ಸುರಿದು, ಬಚ್ಚಲ ಹಿಂದೆ ಭಾಂಡೆ ತೊಳೆಯುವ ಜಾಗದ ಮಣ್ಣು ತುಂಬಿದಳು. ಮೇಲೆ ಮರ್ಯಾದೆಗೆಂದು ಗುಡ್ಡದ ಮಣ್ಣು ಎರಡು ಬೊಗಸೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪರಾತದ ಅಗಲ ತಟ್ಟೆ ಇಟ್ಟು ಪರೀಕ್ಷೆ ನಡೆಯಿತು. ಮಹಾಶಯ ಬೀಡಿ ಹಚ್ಚಿ, ಪರಾತದ ಮೇಲೆ ಬಾಗಿ, ಬಹಳ ಹೊತ್ತು ತೊಳೆದ. ಬೂದಿ ಉದುರುತ್ತಿತ್ತು. ತಳದಲ್ಲಿ ಹಳದಿ ಕಣಗಳು ಮಿಂಚಿದವು. ತಂದೆ ಕೈಮುಗಿದರು.

"ಇದು ಈ ಮಣ್ಣಾಗಿಂದs ಬಂತೇನ್ರಿ?" ಎಂದಳು ಅತ್ತೆ.

"ಮತ್ತೆಲ್ಲಿಂದ ಬರ್ತದವ್ವಾ? ನಿನ್ನ ಅನ್ನದಾಣಿ."

"ಆ ಜಾಗಾ ಅಗದ್ರ ಇನ್ನೂ ಸಿಗ್ತದ?"

"ಬುಟ್ಟಿ ಬುಟ್ಟಿ ಸಿಗ್ತದ."

"ಹಂಗಾರ ಬರ್ರಿ, ದೂರಿಲ್ಲ. ಚೀಲದಾಗಿಂದು ನನ್ನ ಮುಸುರಿ ಮಣ್ಣು. ಬಚ್ಚಲ ಹಿಂದ ಅದ ನಿಮ್ಮ ಖಣಿ."

ಮಹಾಶಯ ಬಾಗಿಲು ನೋಡಿದ. ಬಾಗಿಲಲ್ಲಿ ವ್ಯಾಪಾರಿಯ ಇಬ್ಬರು ಗಾಡಿಯಾಳುಗಳಿದ್ದರು. ತಂದೆ ಅವನ ಕೋಟಿನಿಂದ ಒಂದು ಬೀಡಿ ತೆಗೆದು ಬಿಚ್ಚಿದರು. ತಂಬಾಕಿನಲ್ಲಿ ಅರದಿಂದ ಉಜ್ಜಿದ ಬಂಗಾರದ ಪುಡಿ. "ಖರೇನ, ಇದು ನನಗ ತಡೀತಿರ್ಲಿಲ್ಲ," ಎಂದರು.

ಅತ್ತೆ ಗುದ್ದಲಿ ತಂದುಕೊಟ್ಟಳು. ಮಹಾಶಯ ರುಮಾಲು ಬಿಚ್ಚಿಟ್ಟು ಮುಸುರೆ ಕೆಸರಿಗಿಳಿದ. ಅತ್ತೆ ದಡದಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಾ, "ಇನ್ನs ಆಳಕ್ಕ ಹೋಗ್ರಿ, ಬುಟ್ಟಿ ಬುಟ್ಟಿ ಅಂದೀರಿ" ಎಂದು ಹುರಿದುಂಬಿಸಿದಳು. ಬಾಯಾರಿಕೆ ಎಂದಾಗ ಮಜ್ಜಿಗೆ ಕೊಟ್ಟಳು. ಬಿದ್ದುಬಿಟ್ಟರೆ ಕೆಲಸ ನಿಲ್ಲುತ್ತದಲ್ಲ. ಸಂಜೆಗೆ ಗುಂಡಿ ಅವನ ಕುತ್ತಿಗೆಮಟ್ಟ ಬಂತು.

"ಈಗ ಬರಾಬರ್ ಆತಲ್ಲ ತಾಯಿ, ಬಿಡು," ಎಂದ. ಆ ಮಾತನ್ನು ಅವನು ಖಾನಾವಳಿಯ ಯಾರಿಂದಲೋ ಕೇಳಿರಬೇಕು.

ಅತ್ತೆ ಅಡಕತ್ತರಿ ಕೆಳಗಿಟ್ಟಳು. "ನಿನಗ ಆತು. ನನ್ನ ಗಂಡ ಇನ್ನೂ ಸೊಲ್ಲಾಪುರದಾಗs ಇದ್ದಾನ."

ಆಮೇಲೆ ಅಮೀನರಿಗೆ ಕರೆಹೋಯಿತು.

ಬಾವಿ ಹೊಲ ಉಳಿಯಿತು. ನಾವು ಈಗಲೂ ಉಣ್ಣುವುದು ಅದರ ಜೋಳವನ್ನೇ. ತಂದೆ ಅತ್ತೆಗೆ ಬೆಂಡೋಲೆ ಮಾಡಿಸಿಕೊಟ್ಟರು. ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟು ನನ್ನ ಹೆಂಡತಿಗೆ ಬಿಟ್ಟುಹೋದಳು. ತೀರಿಕೊಂಡಾಗ ಕಿವಿಯಲ್ಲಿ ಕಡ್ಡಿಗಳೇ ಇದ್ದವು.

ಗುಂಡಿಯಲ್ಲಿ ಬಂಗಾರ ಸಿಗಲಿಲ್ಲ. ಖಾನಾವಳಿಯ ಬಚ್ಚಲ ನೀರನ್ನು ಅದಕ್ಕೆ ಬಿಡಲಾಯಿತು.